ಅಚ್ಚು, ಕಸದ ಎಣ್ಣಿ ಮತ್ತು ಒಂದು ತಪ್ಪು ಸಿದ್ಧಾಂತ

ಕಳೆದ ಗೌರಿ ಹುಣ್ಣಿಮೆಗೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಒಂದು ಲ್ಯಾಬ್ ರಿಪೋರ್ಟ್ ಇತ್ತು. ನಮ್ಮ ಹೊಲದ ಬೋರಿನ ನೀರಿನದು. ಮನೆಯಲ್ಲಿ ಕುಡಿಯೋದೂ ಅದೇ ನೀರು.

ನಮ್ಮದು ರಾಣೆಬೆನ್ನೂರು ಕಡೆಯ ಹಳ್ಳಿ. ಮಳೆಗಾಲಕ್ಕೆ ಗೋವಿನಜೋಳ, ಅಂದರೆ ಬೆಂಗಳೂರಿನವರು ಮೆಕ್ಕೆಜೋಳ ಅನ್ನೋದು. ನಾನು ಸಾಲಿಗೆ ಹೋಗುವಾಗ ಕಸ ತೆಗೆಯೋದು ಅಂದರೆ ಎಡೆಕುಂಟೆ ಮತ್ತು ಹೆಣ್ಣಾಳುಗಳು. ಆಮೇಲೆ ಆಳು ಸಿಗೋದು ಕಷ್ಟವಾಯ್ತು, ಕೂಲಿ ಏರಿತು, ಎತ್ತು ಮಾರಿದೆವು. ಅಂಗಡಿಯಿಂದ ಅಟ್ರಾಜಿನ್ ಬಂತು. ಬಿತ್ತಿದ ಎರಡು ಮೂರು ದಿನದೊಳಗೆ, ನೆಲ ಹಸಿ ಇರುವಾಗಲೇ, ಪುಡಿಯನ್ನು ನೀರಿಗೆ ಕಲಸಿ ಬೆನ್ನಿಗೆ ಪಂಪು ಹಾಕಿ ಹೊಡೆಯಬೇಕು. ಪುಡಿಯಾದರೂ ನಮ್ಮ ಕಡೆ ಅದರ ಹೆಸರು 'ಕಸದ ಎಣ್ಣಿ'. ಹೊಲಕ್ಕೆ ಹೊಡೆಯೋದೆಲ್ಲ ನಮಗೆ ಎಣ್ಣಿನೇ.

ರಿಪೋರ್ಟಿನಲ್ಲಿ ಅಟ್ರಾಜಿನ್ ಎದುರಿಗೆ 'ಬಿಎಲ್‌ಕ್ಯೂ' ಅಂತ ಬರೆದಿತ್ತು. ಅಳೆದು ಹೇಳಬಲ್ಲ ಮಟ್ಟಕ್ಕಿಂತ ಕಡಿಮೆ ಅಂತ ಅರ್ಥ. ನಾನು ಖುಷಿಯಿಂದ ಅಪ್ಪನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಅಂದ್ರ ಇಲ್ಲ ಅಂತಾನೋ, ಕಾಣಂಗಿಲ್ಲ ಅಂತಾನೋ?"

ಹತ್ತು ವರ್ಷ ಸಾಫ್ಟ್‌ವೇರ್‌ನಲ್ಲಿ ದುಡಿದವನು ನಾನು. ನಲ್ ಬೇರೆ, ಸೊನ್ನೆ ಬೇರೆ ಅಂತ ಜೂನಿಯರ್‌ಗಳಿಗೆ ಪಾಠ ಮಾಡಿದವನು. ನಮ್ಮಪ್ಪ ಏಳನೇ ಇಯತ್ತೆ. ಆ ಪ್ರಶ್ನೆ ನನಗೆ ಹೊಳೆದಿರಲೇ ಇಲ್ಲ.

ಕೊನೇ ಪುಟದ ಸಣ್ಣಕ್ಷರ ಓದಿದೆ. ಆ ಲ್ಯಾಬ್ ಅಳೆದು ಹೇಳಬಲ್ಲ ಕನಿಷ್ಠ ಮಟ್ಟ ಲೀಟರಿಗೆ 5 ಮೈಕ್ರೋಗ್ರಾಂ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಇದೆಯಲ್ಲ, ಅದು ಅಟ್ರಾಜಿನ್‌ಗೆ ಇಟ್ಟಿರುವ ಮಿತಿ ಲೀಟರಿಗೆ 2 ಮೈಕ್ರೋಗ್ರಾಂ. ಅಂದರೆ ನೀರಿನಲ್ಲಿ ಮಿತಿಯ ಎರಡು ಪಟ್ಟು ಇದ್ದರೂ ಈ ರಿಪೋರ್ಟು 'ಬಿಎಲ್‌ಕ್ಯೂ' ಅಂತಲೇ ಬರುತ್ತಿತ್ತು. ಕಾಳು ತೂಗೋ ತಕ್ಕಡಿಯಲ್ಲಿ ಮೂಗುಬಟ್ಟು ತೂಗಿದ ಹಾಗೆ.

ಆ ಸಿಟ್ಟಿನಲ್ಲಿ ನಾನು ಓದೋಕೆ ಶುರು ಮಾಡಿದೆ. ಇಷ್ಟು ಸಣ್ಣ ಪ್ರಮಾಣವನ್ನು ಹಿಡಿಯೋದು ಯಾಕೆ ಕಷ್ಟ, ಯಾರು ಹೇಗೆ ಹಿಡಿದರು ಅಂತ. ಆಗ ಸಿಕ್ಕಿದ್ದು ಈ ಕಥೆ.

ಸಾವಿರ ಟ್ಯಾಂಕರಿನಲ್ಲಿ ಒಂದು ಗ್ರಾಂ

ಅಟ್ರಾಜಿನ್ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಗೈಗಿ ಕಂಪನಿಯಲ್ಲಿ. ಮಾರುಕಟ್ಟೆಗೆ ಬಂದಿದ್ದು 1958ರಲ್ಲಿ. ಇದು ಗಿಡದ ಎಲೆಯಲ್ಲಿ ಬಿಸಿಲಿನಿಂದ ಆಹಾರ ತಯಾರಾಗುವ ಕೆಲಸವನ್ನೇ ತಡೆಯುತ್ತೆ, ಕಸ ಸಾಯುತ್ತೆ. ಆದರೆ ಗೋವಿನಜೋಳಕ್ಕೆ ಈ ಅಣುವನ್ನು ತನ್ನೊಳಗೇ ನಿಷ್ಕ್ರಿಯ ಮಾಡಿಕೊಳ್ಳೋ ಶಕ್ತಿ ಇದೆ. ಹಾಗಾಗಿ ಬೆಳೆ ಉಳಿಯುತ್ತೆ. ಅಮೆರಿಕದಿಂದ ಹಿಡಿದು ನಮ್ಮ ಹಾವೇರಿ, ದಾವಣಗೆರೆಯವರೆಗೆ ಈ ಬೆಳೆ ಇರುವ ಕಡೆಯೆಲ್ಲ ಅದು ಹರಡಿದ್ದು ಇದೇ ಕಾರಣಕ್ಕೆ. ತೊಂದರೆ ಏನೆಂದರೆ ಅದು ಮಣ್ಣಿನಲ್ಲಿ ಗಟ್ಟಿಯಾಗಿ ಕೂರುವುದಿಲ್ಲ. ಮಳೆ ನೀರಿನ ಜೊತೆ ಇಳಿಯುತ್ತೆ. ಅಂತರ್ಜಲ ಸೇರಿದರೆ ಬೇಗ ಹಾಳಾಗೋದೂ ಇಲ್ಲ.

ಯುರೋಪಿನವರು 1980ರಲ್ಲಿ ಕುಡಿಯುವ ನೀರಿಗೆ ಒಂದು ನಿರ್ದೇಶನ ತಂದರು. ಯಾವುದೇ ಒಂದು ಕೀಟನಾಶಕ ಅಥವಾ ಕಳೆನಾಶಕ ಲೀಟರಿಗೆ 0.1 ಮೈಕ್ರೋಗ್ರಾಂ ಮೀರಬಾರದು. ಈ 0.1 ಅನ್ನೋದು ಒಂದೊಂದು ವಿಷ ಎಷ್ಟು ಕೆಟ್ಟದ್ದು ಅಂತ ಲೆಕ್ಕ ಹಾಕಿ ಬಂದ ಸಂಖ್ಯೆಯಲ್ಲ. ನೀರಿನಲ್ಲಿ ಇವು ಇರಲೇಬಾರದು ಅನ್ನೋದು ಉದ್ದೇಶ. ಆದರೆ ಕಾನೂನಿನಲ್ಲಿ ಸೊನ್ನೆ ಅಂತ ಬರೆದರೆ ಅಳೆದು ತೋರಿಸೋಕೆ ಆಗಲ್ಲ. ಅವತ್ತಿನ ಉಪಕರಣಗಳು ಸುಮಾರು ಯಾವ ಮಟ್ಟದವರೆಗೆ ಕಾಣಬಲ್ಲವೋ ಅದನ್ನೇ ಸೊನ್ನೆಯ ಜಾಗಕ್ಕೆ ಕೂರಿಸಿದರು. ನಮ್ಮಪ್ಪನ ಮಾತಿನಲ್ಲಿ ಹೇಳೋದಾದರೆ 'ಕಾಣಂಗಿಲ್ಲ' ಅನ್ನೋದನ್ನೇ 'ಇಲ್ಲ' ಅಂತ ಕಾಯ್ದೆ ಮಾಡಿದರು.

0.1 ಮೈಕ್ರೋಗ್ರಾಂ ಎಷ್ಟು ಸಣ್ಣದು? ಒಂದು ಕೋಟಿ ಲೀಟರಿಗೆ ಒಂದು ಗ್ರಾಂ. ಬೇಸಿಗೆಯಲ್ಲಿ ನಿಮ್ಮ ಅಪಾರ್ಟ್‌ಮೆಂಟಿಗೆ ಹತ್ತು ಸಾವಿರ ಲೀಟರಿನ ಟ್ಯಾಂಕರ್ ಬರುತ್ತೆ ಅಂದುಕೊಳ್ಳಿ. ಅಂಥ ಸಾವಿರ ಟ್ಯಾಂಕರಿಗೆ ಒಂದು ಗ್ರಾಂ ಪುಡಿ.

ಇಷ್ಟು ಸಣ್ಣದನ್ನು ಅಳೆಯಬೇಕಾದರೆ ಮೊದಲು ಒಟ್ಟುಗೂಡಿಸಬೇಕು. ನೀರನ್ನು ಒಂದು ಸಣ್ಣ ಕಾರ್ಟ್ರಿಜ್ ಮೂಲಕ ಹಾಯಿಸುತ್ತಾರೆ. ಅದರೊಳಗಿನ ಪುಡಿಗೆ ಎಣ್ಣೆಯ ಗುಣದ ಅಣುಗಳು ಅಂಟಿಕೊಳ್ಳುತ್ತವೆ. ಆಮೇಲೆ ಸ್ವಲ್ಪವೇ ದ್ರಾವಕ ಹಾಕಿ ತೊಳೆದು ಅವನ್ನು ಇಳಿಸಿಕೊಂಡು ಯಂತ್ರಕ್ಕೆ ಕೊಡುತ್ತಾರೆ. ಆದರೆ ಈ ಪುಡಿಗೆ ಆಯ್ಕೆ ಅನ್ನೋದು ಗೊತ್ತಿಲ್ಲ. ಎಲೆ, ಬೇರು ಕೊಳೆತು ಮಣ್ಣಿನಿಂದ ನೀರಿಗೆ ಇಳಿಯೋ ಹ್ಯೂಮಿಕ್ ಆಮ್ಲಗಳಂಥವೂ ಅಂಟುತ್ತವೆ. ಅವುಗಳ ಪ್ರಮಾಣ ಅಟ್ರಾಜಿನ್‌ಗಿಂತ ಎಷ್ಟೋ ಸಾವಿರ ಪಟ್ಟು. ಜಾತ್ರೆಯ ಗದ್ದಲದಲ್ಲಿ ಒಬ್ಬರ ಪಿಸುಮಾತು ಕೇಳಿಸಿಕೊಳ್ಳೋ ಕೆಲಸ ಅದು.

ಬೇಕಾಗಿದ್ದು ಆ ಒಬ್ಬರನ್ನೇ ಹಿಡಿದು ಉಳಿದವರನ್ನೆಲ್ಲ ಬಿಟ್ಟುಬಿಡೋ ಪುಡಿ. ಕೆಮಿಸ್ಟ್ರಿ ಓದಿದ ಗೆಳೆಯನೊಬ್ಬ ಅದಕ್ಕೆ ಹೆಸರು ಹೇಳಿದ: ಮಾಲಿಕ್ಯುಲರ್ಲಿ ಇಂಪ್ರಿಂಟೆಡ್ ಪಾಲಿಮರ್. ಕನ್ನಡದಲ್ಲಿ ಅಣು-ಅಚ್ಚಿನ ಪಾಲಿಮರ್ ಅನ್ನೋಣ.

ಗೊಂಬೆಯಿಂದ ಅಚ್ಚು

ಗೌರಿ ಹುಣ್ಣಿಮೆ ಅಂದರೆ ನಮ್ಮ ಕಡೆ ಸಕ್ಕರೆ ಆರತಿ. ಎರಡು ಹೋಳಿನ ಕಟ್ಟಿಗೆಯ ಅಚ್ಚನ್ನು ನೀರಲ್ಲಿ ನೆನೆಸಿ, ಜೋಡಿಸಿ ದಾರ ಕಟ್ಟಿ, ಒಳಗೆ ಬಿಸಿ ಸಕ್ಕರೆ ಪಾಕ ಹೊಯ್ಯುತ್ತಾರೆ. ಆರಿದ ಮೇಲೆ ಬಿಚ್ಚಿದರೆ ಆನೆ, ತೇರು, ಬಸವಣ್ಣ. ಆನೆಯ ಅಚ್ಚಿನಲ್ಲಿ ಆನೆಯೇ ಸರಿಯಾಗಿ ಕೂರುತ್ತೆ. ಬಸವಣ್ಣನನ್ನು ತುರುಕಿದರೆ ಕೊಂಬು ಮುರಿಯುತ್ತೆ.

ಅಣು-ಅಚ್ಚಿನವರು ಇದನ್ನು ತಿರುಗಿಸಿ ಮಾಡುತ್ತಾರೆ. ಇವರ ಕೈಯಲ್ಲಿ ಗೊಂಬೆ ಇದೆ, ಅಂದರೆ ಹಿಡಿಯಬೇಕಾದ ಅಣು. ಅದರ ಸುತ್ತ ಪಾಕ ಹೊಯ್ದು ಗಟ್ಟಿ ಮಾಡುತ್ತಾರೆ. ಆಮೇಲೆ ಗೊಂಬೆಯನ್ನು ತೊಳೆದು ತೆಗೆಯುತ್ತಾರೆ. ಉಳಿಯೋದು ಗೊಂಬೆಯ ಆಕಾರದ ಖಾಲಿ ಜಾಗ. ಅದೇ ಅಣು ಮತ್ತೆ ಬಂದರೆ ಆ ಜಾಗಕ್ಕೆ ಕೂರುತ್ತೆ, ಬೇರೆಯದು ಜಾರಿ ಹೋಗುತ್ತೆ.

ಕೇಳೋಕೆ ಸುಲಭ. ಇಲ್ಲಿಗೆ ಬರೋಕೆ ಅರವತ್ತು ವರ್ಷ ಬೇಕಾಯ್ತು. ಅದೂ ಒಂದು ತಪ್ಪು ಸಿದ್ಧಾಂತದ ಹೆಗಲೇರಿ.

ಮೊದಲ ಹೆಜ್ಜೆ 1931ರದು. ಸೋವಿಯತ್ ಒಕ್ಕೂಟದಲ್ಲಿ ಪೊಲ್ಯಾಕೊವ್ ಅನ್ನೋ ರಸಾಯನಶಾಸ್ತ್ರಜ್ಞ ಸಿಲಿಕಾ ಜೆಲ್ ಮೇಲೆ ಕೆಲಸ ಮಾಡುತ್ತಿದ್ದರು. ಹೊಸ ಶೂ ಡಬ್ಬಿಯಲ್ಲಿ 'ತಿನ್ನಬೇಡಿ' ಅಂತ ಬರೆದ ಪುಟ್ಟ ಪೊಟ್ಟಣ ಬರುತ್ತಲ್ಲ, ಅದರೊಳಗಿನ ಹರಳು ಅದೇ. ಒಣಗುವಾಗ ಬೆಂಜೀನ್ ಜೊತೆಗಿದ್ದ ಜೆಲ್, ಆಮೇಲೆ ಬೆಂಜೀನನ್ನೇ ಹೆಚ್ಚಾಗಿ ಹೀರಿಕೊಳ್ಳೋದನ್ನು ಅವರು ಗಮನಿಸಿದರು. ಜೆಲ್ ತಾನು ಹುಟ್ಟುವಾಗ ಪಕ್ಕದಲ್ಲಿ ಯಾರಿದ್ದರು ಅಂತ ನೆನಪಿಟ್ಟುಕೊಂಡಿದೆ ಅನ್ನೋ ಹಾಗೆ. ಪ್ರಕಟವಾಗಿದ್ದು ರಷ್ಯನ್ ಭಾಷೆಯಲ್ಲಿ. ಪಶ್ಚಿಮದಲ್ಲಿ ಬಹಳ ಕಾಲ ಯಾರೂ ತಿರುಗಿ ನೋಡಲಿಲ್ಲ.

ಎರಡನೇ ಹೆಜ್ಜೆಗೆ ಕಾರಣ ನಮ್ಮ ದೇಹದ ಒಂದು ಒಗಟು. ನಾವು ಜನ್ಮದಲ್ಲಿ ಕಾಣದ ವೈರಸ್ ಬಂದರೂ ರಕ್ತದಲ್ಲಿ ಅದಕ್ಕೆ ಸರಿಯಾಗಿ ಹೊಂದುವ ಪ್ರತಿಕಾಯ ತಯಾರಾಗುತ್ತೆ. ಹೇಗೆ? ಎಮಿಲ್ ಫಿಶರ್ 1894ರಲ್ಲೇ ಎಂಜೈಮುಗಳನ್ನು ಕೀಲಿಕೈ ಮತ್ತು ಬೀಗಕ್ಕೆ ಹೋಲಿಸಿದ್ದರು. ಬೀಗದ ಹೋಲಿಕೆ ಸರಿ, ಆದರೆ ಬಾರದ ಕೀಲಿಕೈಗಳಿಗೆಲ್ಲ ದೇಹ ಮೊದಲೇ ಬೀಗ ಮಾಡಿಟ್ಟಿರುತ್ತಾ?

1940ರಲ್ಲಿ ಕ್ಯಾಲ್ಟೆಕ್‌ನ ಲೈನಸ್ ಪೌಲಿಂಗ್ ಉತ್ತರ ಕೊಟ್ಟರು. ಮುಂದೆ ಎರಡು ನೊಬೆಲ್ ಪಡೆದ, ಆ ಶತಮಾನದ ಅತಿ ದೊಡ್ಡ ರಸಾಯನಶಾಸ್ತ್ರಜ್ಞರಲ್ಲಿ ಒಬ್ಬರು. ಅವರು ಹೇಳಿದ್ದು ಹೀಗೆ: ಮೊದಲೇ ಏನೂ ಮಾಡಿಟ್ಟಿರಲ್ಲ. ಪ್ರತಿಕಾಯದ ಪ್ರೋಟೀನ್ ಒಂದು ಮೆತ್ತನೆಯ ಸರಪಳಿ. ಹೊರಗಿನ ಅಣು ಬಂದಾಗ ಅದರ ಸುತ್ತ ಸುತ್ತಿಕೊಂಡು, ಅದರ ಆಕಾರಕ್ಕೆ ತಕ್ಕಂತೆ ಮಡಚಿಕೊಂಡು ಗಟ್ಟಿಯಾಗುತ್ತೆ. ಅಂದರೆ ಬಂದ ಅತಿಥಿಯೇ ಅಚ್ಚು. ಸರಳ, ಸುಂದರ, ಯಾರಿಗಾದರೂ ಅರ್ಥವಾಗುವ ಸಿದ್ಧಾಂತ.

1942ರಲ್ಲಿ ಪೌಲಿಂಗ್ ಮತ್ತು ಅವರ ಸಹೋದ್ಯೋಗಿ ಕ್ಯಾಂಪ್‌ಬೆಲ್ ಇನ್ನೂ ಮುಂದೆ ಹೋದರು. ರಕ್ತದ ಪ್ರೋಟೀನನ್ನು ಬಿಚ್ಚಿ, ಬಣ್ಣದ ಅಣುವಿನ ಜೊತೆ ನಿಧಾನವಾಗಿ ಮಡಚಲು ಬಿಟ್ಟು, ಪ್ರಾಣಿಯ ನೆರವಿಲ್ಲದೆ ಗಾಜಿನ ಪಾತ್ರೆಯಲ್ಲೇ ಪ್ರತಿಕಾಯ ತಯಾರಿಸಿದೆವು ಅಂತ ಪ್ರಕಟಿಸಿದರು. ಯುದ್ಧದ ಕಾಲ. ಕೃತಕ ಪ್ರತಿಕಾಯ ಅಂದರೆ ಎಷ್ಟು ಜೀವ ಉಳಿಸಬಹುದು! ಬೇರೆಯವರು ಅದೇ ಪ್ರಯೋಗ ಮಾಡಿ ನೋಡಿದರು. ಬರಲಿಲ್ಲ. ನಾವು 'ನನ್ನ ಮಷೀನಿನಲ್ಲಿ ಓಡ್ತಿತ್ತು' ಅಂತ ಹೇಳ್ತೀವಲ್ಲ, ಹಾಗಾಯ್ತು. ಬುದ್ಧಿವಂತನಿಗೆ ತನ್ನ ಸಿದ್ಧಾಂತ ಇಷ್ಟವಾದಾಗ ಇಲ್ಲದ್ದೂ ಕಾಣುತ್ತೆ.

ಆದರೆ ಪೌಲಿಂಗ್ ಶಿಷ್ಯ ಫ್ರಾಂಕ್ ಡಿಕಿ ಇನ್ನೊಂದು ದಾರಿ ಹಿಡಿದರು. ಪ್ರೋಟೀನ್ ಬೇಡ, ಸಿಲಿಕಾ ಜೆಲ್ ಸಾಕು. ಮೀಥೈಲ್ ಆರೆಂಜ್ ಗೊತ್ತಲ್ಲ, ಪಿಯುಸಿ ಲ್ಯಾಬಿನಲ್ಲಿ ಟೈಟ್ರೇಶನ್‌ಗೆ ಹನಿ ಹನಿ ಹಾಕುತ್ತಿದ್ದೆವಲ್ಲ, ಅದೇ ಬಣ್ಣ. ಅದನ್ನೂ ಅದರ ದಾಯಾದಿಗಳಾದ ಈಥೈಲ್, ಪ್ರೊಪೈಲ್, ಬ್ಯೂಟೈಲ್ ಆರೆಂಜ್‌ಗಳನ್ನೂ ಬೇರೆ ಬೇರೆ ಜೆಲ್‌ಗೆ ಸೇರಿಸಿ ಒಣಗಿಸಿದರು. ಆಮೇಲೆ ಬಣ್ಣವನ್ನು ತೊಳೆದರು. ನೋಡಿದರೆ ಪ್ರತಿಯೊಂದು ಜೆಲ್ಲೂ ತನ್ನ ಬಣ್ಣವನ್ನೇ ಹೆಚ್ಚು ಹಿಡಿಯುತ್ತಿತ್ತು. ಮೀಥೈಲ್‌ಗೂ ಈಥೈಲ್‌ಗೂ ಇರೋ ವ್ಯತ್ಯಾಸ ಎರಡು ಸಣ್ಣ ಇಂಗಾಲದ ತುಣುಕು ಮಾತ್ರ. ಜೆಲ್‌ಗೆ ಅದೂ ಗೊತ್ತಾಗುತ್ತಿತ್ತು. 1949ರಲ್ಲಿ ಪ್ರಕಟವಾಯ್ತು. ಒಂದು ಸಣ್ಣ ಕೊಂಕು ಉಳಿದಿತ್ತು. ಬಣ್ಣವನ್ನು ಪೂರ್ತಿಯಾಗಿ ತೊಳೆದು ತೆಗೆಯೋಕೆ ಆಗಿರಲಿಲ್ಲ, ಒಂಚೂರು ಜೆಲ್ ಒಳಗೇ ಸಿಕ್ಕಿಕೊಂಡಿತ್ತು. ಹಾಗಾದರೆ ಹೊಸ ಬಣ್ಣವನ್ನು ಹಿಡಿಯುತ್ತಿರೋದು ಖಾಲಿ ಅಚ್ಚೋ, ಒಳಗೆ ಉಳಿದ ಹಳೇ ಬಣ್ಣವೋ? ಈ ವಾದ ಮುಂದೆ ಬಹಳ ವರ್ಷ ನಡೆಯಿತು. ಈ ಕೊಂಕನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಸಿದ್ಧಾಂತ ಬಿತ್ತು, ಅಚ್ಚು ಉಳಿಯಿತು

1957ರಲ್ಲಿ ಆಸ್ಟ್ರೇಲಿಯಾದ ಮೆಕ್‌ಫಾರ್ಲೇನ್ ಬರ್ನೆಟ್ ಬೇರೆಯೇ ಮಾತು ಹೇಳಿದರು. ದೇಹದಲ್ಲಿ ಲೆಕ್ಕವಿಲ್ಲದಷ್ಟು ಬಗೆಯ ಜೀವಕೋಶಗಳು ಮೊದಲೇ ಇವೆ, ಒಂದೊಂದರ ಬಳಿಯೂ ಒಂದೊಂದು ಬೀಗ. ಕೀಲಿಕೈ ಬಂದಾಗ ಯಾವುದಕ್ಕೆ ಹೊಂದುತ್ತೋ ಆ ಜೀವಕೋಶ ದುಪ್ಪಟ್ಟು ದುಪ್ಪಟ್ಟಾಗಿ ಬೆಳೆಯುತ್ತೆ. ಅಷ್ಟೆಲ್ಲ ಬೀಗ ಮೊದಲೇ ಮಾಡಿಟ್ಟಿರುತ್ತಾ ಅನ್ನೋ ಪ್ರಶ್ನೆಗೆ ಉತ್ತರ 'ಹೌದು' ಅಂತಾಯ್ತು. 1964ರಲ್ಲಿ ಎಡ್ಗರ್ ಹೇಬರ್ ಪ್ರತಿಕಾಯದ ತುಣುಕೊಂದನ್ನು ಪೂರ್ತಿ ಬಿಚ್ಚಿ, ಅತಿಥಿ ಅಣು ಇಲ್ಲದೆಯೇ ಮತ್ತೆ ಮಡಚಲು ಬಿಟ್ಟರು. ಅದು ತನ್ನ ಹಳೇ ಆಕಾರಕ್ಕೇ ಮರಳಿತು, ತನ್ನ ಅತಿಥಿಯನ್ನೇ ಗುರುತಿಸಿತು. ಆಕಾರ ಬಂದಿದ್ದು ಅಚ್ಚಿನಿಂದಲ್ಲ, ಸರಪಳಿಯ ಒಳಗಿನ ಕ್ರಮದಿಂದಲೇ. ಪೌಲಿಂಗ್ ಸಿದ್ಧಾಂತ ಅಲ್ಲಿಗೆ ಮುಗಿಯಿತು.

ದೇಹ ಹಾಗೆ ಕೆಲಸ ಮಾಡಲ್ಲ, ಸರಿ. ಆದರೆ ಸಿಲಿಕಾ ಜೆಲ್ ಮಾಡಿತ್ತಲ್ಲ?

1972ರಲ್ಲಿ ಜರ್ಮನಿಯ ಗುಂಟರ್ ವುಲ್ಫ್ ಮತ್ತು ಸರ್ಹಾನ್ ಈ ಉಪಾಯವನ್ನು ಜೆಲ್‌ನಿಂದ ಪ್ಲಾಸ್ಟಿಕ್‌ಗೆ ತಂದರು. ಅತಿಥಿ ಅಣುವನ್ನು ಬಿಡಿ ಬಿಡಿ ಮಾನೋಮರ್‌ಗಳಿಗೆ ರಾಸಾಯನಿಕವಾಗಿ ಕಟ್ಟಿ, ಪಾಲಿಮರ್ ಮಾಡಿ, ಆಮೇಲೆ ಕಟ್ಟು ಬಿಡಿಸಿ ಹೊರಗೆ ತೆಗೆದರು. ಎಡಗೈ ಬಲಗೈಯಂತೆ ಕನ್ನಡಿ ಪ್ರತಿಬಿಂಬವಾಗಿರುವ ಅಣುಗಳಲ್ಲಿ ತನ್ನದನ್ನು ಆ ಪ್ಲಾಸ್ಟಿಕ್ ಹೆಚ್ಚು ಹಿಡಿಯಿತು. ಕಷ್ಟ ಏನೆಂದರೆ ಹಾಗೆ ಕಟ್ಟಿ ಬಿಡಿಸಬಹುದಾದ ಅಣುಗಳು ಕಡಿಮೆ.

1981ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಅರ್ಷಾದಿ ಮತ್ತು ಕ್ಲೌಸ್ ಮೋಸ್‌ಬಾಕ್ ಕಟ್ಟೋ ಕೆಲಸವನ್ನೇ ಬಿಟ್ಟರು. ಬರೀ ಬೆರೆಸಿದರೆ ಸಾಕು. ಹೈಡ್ರೋಜನ್ ಬಂಧದಂಥ ಸಡಿಲ ಆಕರ್ಷಣೆಯಿಂದಲೇ ಮಾನೋಮರ್‌ಗಳು ಅತಿಥಿಯ ಸುತ್ತ ಕೂರುತ್ತವೆ, ಹಾಗೇ ಗಟ್ಟಿ ಮಾಡಿದರಾಯ್ತು. ತೆಗೆಯೋಕೂ ತೊಳೆದರೆ ಸಾಕು. ಇದರಿಂದ ಬಾಗಿಲು ತೆರೆಯಿತು. 1993ರಲ್ಲಿ ಮೋಸ್‌ಬಾಕ್ ತಂಡ ನೇಚರ್ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿತು. ಉಬ್ಬಸದ ಔಷಧಿ ಥಿಯೋಫಿಲಿನ್‌ಗೆ ಅಚ್ಚು ಹಾಕಿದ ಪ್ಲಾಸ್ಟಿಕ್ ಪುಡಿ, ರಕ್ತದ ಸೀರಂನಲ್ಲಿ ಆ ಔಷಧಿ ಎಷ್ಟಿದೆ ಅಂತ ನಿಜವಾದ ಪ್ರತಿಕಾಯ ಬಳಸುವ ಪರೀಕ್ಷೆಯ ಮಟ್ಟಕ್ಕೇ ಹೇಳಿತು. ಲೇಖನದ ತಲೆಬರಹದಲ್ಲೇ ಅದನ್ನು ಪ್ರತಿಕಾಯದ ನಕಲು ಅಂತ ಕರೆದಿದ್ದರು. ಪ್ರತಿಕಾಯ ಹುಟ್ಟೋದು ಹೀಗಲ್ಲ ಅಂತ ಸಾಬೀತಾದ ದಾರಿಯಲ್ಲೇ ಪ್ರತಿಕಾಯದ ಕೆಲಸ ಮಾಡುವ ವಸ್ತು ಹುಟ್ಟಿತ್ತು. ಮರುವರ್ಷ ಪೌಲಿಂಗ್ ತೀರಿಕೊಂಡರು.

ಅಟ್ರಾಜಿನ್‌ನ ಸರದಿ

ಔಷಧಿ ಹಿಡಿದ ಮೇಲೆ ಮುಂದಿನದು ಕಳೆನಾಶಕ. 1995-96ರಲ್ಲಿ ಮೂರು ಕಡೆಯಿಂದ ಹೆಚ್ಚುಕಡಿಮೆ ಒಟ್ಟಿಗೇ ಅಟ್ರಾಜಿನ್ ಅಚ್ಚು ಬಂತು: ಜಪಾನಿನ ಹಿರೋಶಿಮಾದಲ್ಲಿ ಮಾತ್ಸುಯಿ ಮತ್ತು ತಾಕೆಉಚಿ ಅವರ ತಂಡ, ಅಮೆರಿಕದ ಟೆಕ್ಸಾಸ್‌ನಲ್ಲಿ ಕೃಷಿ ಇಲಾಖೆಯ ಮಲ್ಡೂನ್ ಮತ್ತು ಸ್ಟ್ಯಾಂಕರ್, ಲುಂಡ್‌ನಲ್ಲಿ ಮೋಸ್‌ಬಾಕ್ ತಂಡ. ಎಲ್ಲರಿಗೂ ಇದೇ ಅಣು ಯಾಕೆ ಬೇಕಾಯ್ತು? ಅಳೆಯಲೇಬೇಕು ಅನ್ನೋ ಕಾಯ್ದೆಗಳು ಬಂದಿದ್ದವು. ಮತ್ತೆ ಅಣುವೇ ಅಚ್ಚಿಗೆ ಹೇಳಿ ಮಾಡಿಸಿದ್ದು. ಚಿಕ್ಕದು, ನಡುವೆ ಗಟ್ಟಿಯಾದ ಉಂಗುರ, ಸುತ್ತ ಹೈಡ್ರೋಜನ್ ಬಂಧಕ್ಕೆ ಒದಗುವ ಸಾರಜನಕಗಳು.

ಅಡುಗೆ ಹೀಗಿದೆ. ಕ್ಲೋರೋಫಾರ್ಮ್‌ನಂಥ ದ್ರಾವಕದಲ್ಲಿ ಅಟ್ರಾಜಿನ್ ಕರಗಿಸಬೇಕು. ಮೆಥಾಕ್ರಿಲಿಕ್ ಆಮ್ಲ ಸೇರಿಸಬೇಕು. ಅದರ ಅಣುಗಳು ಅಟ್ರಾಜಿನ್‌ನ ಸಾರಜನಕಗಳ ಜೊತೆ ಕೈ ಹಿಡಿದು ನಿಲ್ಲುತ್ತವೆ. ಇನ್ನು ಪಾಕ ಗಟ್ಟಿಯಾಗಲು ಈಥೈಲೀನ್ ಗ್ಲೈಕಾಲ್ ಡೈಮೆಥಾಕ್ರಿಲೇಟ್ ಅನ್ನೋ ಅಡ್ಡಕೊಂಡಿ ಹಾಕುವ ವಸ್ತು, ಬಹಳಷ್ಟು. ಆಕ್ಸಿಜನ್ ಹೊರಹಾಕಿ ಬಿಸಿ ಮಾಡಬೇಕು, ಇಲ್ಲವೇ ಅಲ್ಟ್ರಾವಯಲೆಟ್ ಬೆಳಕಿಗಿಡಬೇಕು. ಗಟ್ಟಿ ಗಡ್ಡೆಯಾಗುತ್ತೆ. ಅದನ್ನು ಕುಟ್ಟಿ, ಜರಡಿ ಹಿಡಿದು, ಮೆಥನಾಲ್ ಮತ್ತು ಅಸಿಟಿಕ್ ಆಮ್ಲದಲ್ಲಿ ತೊಳೆದು ತೊಳೆದು ಅಟ್ರಾಜಿನ್ ತೆಗೆಯಬೇಕು. ಪಕ್ಕದಲ್ಲೇ ಅಟ್ರಾಜಿನ್ ಹಾಕದೆ ಅದೇ ಅಡುಗೆ ಇನ್ನೊಂದು ಪಾತ್ರೆಯಲ್ಲಿ ಮಾಡಬೇಕು. ಅಚ್ಚಿಲ್ಲದ ಆ ಪುಡಿಗಿಂತ ಅಚ್ಚಿನ ಪುಡಿ ಹೆಚ್ಚು ಹಿಡಿದರೆ ಮಾತ್ರ ಅಚ್ಚು ಬಿದ್ದಿದೆ ಅಂತ ಒಪ್ಪಬೇಕು. ನಮ್ಮ ಎ/ಬಿ ಟೆಸ್ಟಿಂಗ್ ಇದೇ ಶಿಸ್ತು. 1942ರ ಪಾಠ ಇವರಿಗೆ ಮರೆತಿರಲಿಲ್ಲ.

ಆ ಪುಡಿಯನ್ನು ಕಾರ್ಟ್ರಿಜ್‌ಗೆ ತುಂಬಿದರು. ಒಂದು ತೊಡಕು ಎದುರಾಯ್ತು. ಅಚ್ಚು ಹುಟ್ಟಿದ್ದು ಎಣ್ಣೆಯ ಗುಣದ ದ್ರಾವಕದಲ್ಲಿ. ನೀರಿನಲ್ಲಿ ನೀರಿನ ಅಣುಗಳೇ ಬಂದು ಆ ಹೈಡ್ರೋಜನ್ ಬಂಧದ ಜಾಗಗಳನ್ನು ಆಕ್ರಮಿಸುತ್ತವೆ. ನೀರು ಪರೀಕ್ಷಿಸೋಕೆ ಮಾಡಿದ ವಸ್ತುವಿಗೆ ನೀರೇ ಶತ್ರು! ಅದಕ್ಕೊಂದು ಉಪಾಯ ಮಾಡಿದರು. ಮೊದಲು ನೀರು ಹಾಯಿಸಿ ಎಲ್ಲವೂ ಅಂಟಲಿ ಅಂತ ಬಿಟ್ಟು, ಒಣಗಿಸಿ, ಆಮೇಲೆ ಡೈಕ್ಲೋರೋಮೀಥೇನ್‌ನಂಥ ದ್ರಾವಕ ಹಾಕಿದರೆ ಅಚ್ಚು ಮತ್ತೆ ತನ್ನ ಹುಟ್ಟೂರಿನ ವಾತಾವರಣಕ್ಕೆ ಬರುತ್ತೆ. ಸುಮ್ಮನೆ ಅಂಟಿದ್ದವು ತೊಳೆದು ಹೋಗುತ್ತವೆ, ಅಚ್ಚಿನಲ್ಲಿ ಕೂತವು ಉಳಿಯುತ್ತವೆ. ಕೊನೆಗೆ ಮೆಥನಾಲ್ ಹಾಕಿ ಅವನ್ನೂ ಇಳಿಸಿಕೊಳ್ಳಬಹುದು.

ಎರಡನೇ ತೊಡಕು ನಾನು ನೆನಪಿಟ್ಟುಕೊಳ್ಳಿ ಅಂದ ಆ ಕೊಂಕು. ಎಷ್ಟೇ ತೊಳೆದರೂ ಗಡ್ಡೆಯ ಒಳಗೆ ಒಂಚೂರು ಅಟ್ರಾಜಿನ್ ಸಿಕ್ಕಿಕೊಂಡಿರುತ್ತೆ. ಪರೀಕ್ಷೆಯ ಹೊತ್ತಿಗೆ ಅದು ನಿಧಾನಕ್ಕೆ ಸೋರುತ್ತೆ. ನೀವು ಹುಡುಕುತ್ತಿರೋದು ಸಾವಿರ ಟ್ಯಾಂಕರಿಗೆ ಒಂದು ಗ್ರಾಂ, ನಿಮ್ಮ ಬಲೆಯೇ ಅದಕ್ಕಿಂತ ಹೆಚ್ಚು ಸೋರಿಸಿದರೆ? ಶುದ್ಧ ನೀರಿನಲ್ಲೂ ಅಟ್ರಾಜಿನ್ ಕಾಣುತ್ತೆ. ಮಷೀನ್ ಲರ್ನಿಂಗ್ ಮಾಡುವವರಿಗೆ ಈ ರೋಗದ ಗುರುತಿದೆ. ಪರೀಕ್ಷೆಯ ಪ್ರಶ್ನೆಗಳು ತರಬೇತಿಯ ಡೇಟಾದಲ್ಲೇ ಸೇರಿಕೊಂಡಿದ್ದರೆ ಮಾಡೆಲ್ ಬುದ್ಧಿವಂತನಂತೆ ಕಾಣುತ್ತೆ. ಕಾಣಿಸಿದ್ದು ಇದೆ ಅಂತಲ್ಲ, ನಾವೇ ಹಾಕಿದ್ದೂ ಇರಬಹುದು.

ಇದಕ್ಕೆ ಸಿಕ್ಕ ಪರಿಹಾರ ನನಗೆ ತುಂಬಾ ಹಿಡಿಸಿತು. ಅಟ್ರಾಜಿನ್ ಬದಲು ಅದರ ಹತ್ತಿರದ ಸಂಬಂಧಿಯಿಂದ ಅಚ್ಚು ಹಾಕೋದು. 2000ದ ಹೊತ್ತಿಗೆ ಮಾತ್ಸುಯಿ ತಂಡ ಮೆಲಮೈನ್ ಕುಟುಂಬದ ಅಣುವಿನಿಂದ ಅಚ್ಚು ಹಾಕಿ ಅಟ್ರಾಜಿನ್ ಹಿಡಿಯಿತು. ಅದೇ ವರ್ಷ ಯುರೋಪಿನ ಇನ್ನೊಂದು ತಂಡ ಟರ್ಬುಥೈಲಜಿನ್ ಅನ್ನೋ ದಾಯಾದಿಯ ಅಚ್ಚಿನಿಂದ ಸಹಜ ನೀರು ಮತ್ತು ಕೆಸರಿನಲ್ಲಿ ಈ ಕುಟುಂಬದ ಕಳೆನಾಶಕಗಳನ್ನು ಹಿಡಿದು ತೋರಿಸಿತು. ಅಚ್ಚಿನ ಅಣು ಸೋರಿದರೆ ಸೋರಲಿ. ಅದು ಯಂತ್ರದಿಂದ ಬೇರೆ ಹೊತ್ತಿಗೆ ಹೊರಬರುತ್ತೆ, ಅಟ್ರಾಜಿನ್ ಜೊತೆ ಗೊಂದಲವಾಗಲ್ಲ. ಅಣ್ಣನ ಅಳತೆ ಕೊಟ್ಟು ತಮ್ಮನಿಗೆ ಅಂಗಿ ಹೊಲಿಸಿದ ಹಾಗೆ. ಸ್ವಲ್ಪ ದೊಗಲೆ, ಆದರೆ ಅಂಗಿ ಯಾರದು ಅನ್ನೋ ಜಗಳ ಇಲ್ಲ.

ಟ್ರಯಾಜಿನ್‌ಗಳಿಗೆಂದೇ ಮಾಡಿದ ಇಂಥ ಕಾರ್ಟ್ರಿಜ್‌ಗಳು ಮಾರುಕಟ್ಟೆಗೂ ಬಂದವು. ಹಾಗಂತ ಲೋಕ ಗೆದ್ದವು ಅಂತ ಹೇಳಿದರೆ ಸುಳ್ಳಾಗುತ್ತೆ. ಒಂದು ಅಚ್ಚಿಗೆ ಒಂದು ಕುಟುಂಬ ಮಾತ್ರ ಸಿಗುತ್ತೆ. ಅಷ್ಟರಲ್ಲಿ ಅಣುವನ್ನು ತೂಗಿ, ಒಡೆದು, ಚೂರುಗಳನ್ನು ಮತ್ತೆ ತೂಗುವ ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೀಟರ್‌ಗಳು ಸುಧಾರಿಸಿದವು. ಅವು ಒಂದೇ ಓಟದಲ್ಲಿ ನೂರಾರು ಕೀಟನಾಶಕ, ಕಳೆನಾಶಕಗಳನ್ನು ನೋಡುತ್ತವೆ. ಆದರೆ ಬೆಲೆ ಕೋಟಿಯ ಹತ್ತಿರ, ನಡೆಸೋಕೆ ನುರಿತವರು ಬೇಕು. ಅಚ್ಚಿನ ಪ್ಲಾಸ್ಟಿಕ್ಕಿಗೆ ಬಿಸಿ, ಆಮ್ಲ ಯಾವುದರ ಹೆದರಿಕೆಯೂ ಇಲ್ಲ, ಫ್ರಿಜ್ ಬೇಡ, ಮೊಲಕ್ಕೆ ಸೂಜಿ ಚುಚ್ಚಬೇಕಿಲ್ಲ. ಹಾಗಾಗಿ ಹೊಲದ ಬದುವಿನ ಮೇಲೆ ನಿಂತೇ ನೀರು ಅಳೆಯುವ ಅಗ್ಗದ ಸೆನ್ಸರ್ ಮಾಡಬೇಕು ಅನ್ನುವವರು ಇಂದಿಗೂ ಈ ಅಚ್ಚಿನ ಮೇಲೇ ಕೆಲಸ ಮಾಡುತ್ತಿದ್ದಾರೆ. ನಮ್ಮ ಊರಿನಂಥ ಊರುಗಳಿಗೆ ಬೇಕಾಗಿರೋದೂ ಅದೇ.

ಮತ್ತೆ ಬೋರಿನ ನೀರು

ಈ ಸಲ ಲ್ಯಾಬಿಗೆ ಫೋನ್ ಮಾಡಿ ಮೊದಲು ಕೇಳಿದ್ದು ದರ ಅಲ್ಲ. 'ನಿಮ್ಮ ಕನಿಷ್ಠ ಮಟ್ಟ ಎಷ್ಟು?' ಎರಡು ಕಡೆ ಉತ್ತರ ಗೊತ್ತಿರಲಿಲ್ಲ. ಮೂರನೆಯವರು ಹೇಳಿದರು, ಯುರೋಪಿನ ಮಿತಿಗಿಂತ ಕೆಳಗೆ. ಕಂದು ಬಣ್ಣದ ಗಾಜಿನ ಬಾಟಲಿ ಅವರೇ ಕಳಿಸಿದರು. ಖಾಲಿ ಶುದ್ಧ ನೀರನ್ನೂ ಜೊತೆಗೆ ಪರೀಕ್ಷೆ ಮಾಡ್ತೀರಾ ಅಂತ ಕೇಳಿದೆ. ಆ ಕಡೆಯ ಹುಡುಗಿ ನಕ್ಕು, "ಮಾಡ್ತೀವಿ ಸರ್, ಯಾರೂ ಕೇಳಲ್ಲ" ಅಂದಳು.

ರಿಪೋರ್ಟ್ ಬಂತು. ಅಟ್ರಾಜಿನ್ ಇದೆ. ಭಾರತದ ಮಿತಿಯ ಒಳಗೆ, ಯುರೋಪಿನ ಮಿತಿಯ ಹೊರಗೆ. ಅಮೆರಿಕದ ಮಿತಿ 3, ಅದರ ಒಳಗೂ ಹೌದು. ವಿಶ್ವ ಆರೋಗ್ಯ ಸಂಸ್ಥೆ ಮೊದಲು 2 ಅಂತ ಇಟ್ಟಿದ್ದನ್ನು ಆಮೇಲೆ 100ಕ್ಕೆ ಏರಿಸಿದೆ, ಅದರ ಹತ್ತಿರಕ್ಕೂ ಇಲ್ಲ. ಒಂದೇ ನೀರು, ನಾಲ್ಕು ತೀರ್ಪು. ಯುರೋಪಿನವರು ಇಂಥದೇ ಕಾರಣಕ್ಕೆ, ಅಂತರ್ಜಲ 0.1 ಮೀರುತ್ತೆ ಅಂತ, 2003ರಲ್ಲಿ ಅಟ್ರಾಜಿನ್‌ಗೆ ಅನುಮತಿ ಬೇಡ ಅಂದರು. ನಮ್ಮ ಅಂಗಡಿಯಲ್ಲಿ ಅದು ಈಗಲೂ ಸಿಗುತ್ತೆ.

ಫೋನಿನಲ್ಲಿ ಅಪ್ಪನಿಗೆ ಎಲ್ಲಾ ಹೇಳಿದೆ. ನಾಲ್ಕು ಮಿತಿಯನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಅಂದ್ರ ಐತಿ."

"ಐತಿ ಅಪ್ಪಾ. ಭಾಳ ಕಡಿಮೆ ಐತಿ."

"ಕಡಿಮಿ ಐತೋ ಹೆಚ್ಚೈತೋ ಅದನ್ನ ನೀ ನೋಡ್ಕೊ. ಹೊಡದಿದ್ದು ನಾವs ಅಲ್ಲೇನು. ಹೋಗೂದಾದ್ರೂ ಎಲ್ಲಿಗ್ಹೋಗತೈತಿ?"

ಯಾವ ಮಿತಿ ಸರಿ ಅಂತ ಅಪ್ಪ ಕೇಳಲಿಲ್ಲ. ಕೇಳಿದ್ದರೆ ನನ್ನ ಬಳಿ ಒಂದು ಸಾಲಿನ ಉತ್ತರ ಇರಲಿಲ್ಲ. ಈಗ ಮನೆಗೆ ಕುಡಿಯೋಕೆ ಊರಿನ ಶುದ್ಧ ನೀರಿನ ಘಟಕದಿಂದ ಕೊಡ ತರುತ್ತಾರೆ. ಬೋರಿನ ಸುತ್ತಲಿನ ಎರಡು ಎಕರೆಗೆ ಈ ವರ್ಷ ಎಣ್ಣಿ ಹೊಡೆಯಲಿಲ್ಲ. ಪಕ್ಕದ ಊರಿನಿಂದ ಜೋಡಿ ಎತ್ತು ಬಾಡಿಗೆಗೆ ತಂದು ಎಡೆ ಹೊಡೆಸಿದರು. ಉಳಿದ ಹೊಲಕ್ಕೆ ಹೊಡೆದಿದ್ದಾರೆ, ಆಳು ಸಿಗದೆ. ಅದಕ್ಕೆ ನಾನು ಬೆಂಗಳೂರಿನಲ್ಲಿ ಕೂತು ಏನು ಹೇಳಲಿ?

ಮಳೆ ನಿಂತ ಮೇಲೆ ಇನ್ನೊಂದು ಬಾಟಲಿ ನೀರು ಕಳಿಸಬೇಕು. ಎರಡು ಎಕರೆ ಬಿಟ್ಟಿದ್ದರಿಂದ ಏನಾದರೂ ಬದಲಾಗಿದೆಯಾ ನೋಡಬೇಕು. ಬಾಟಲಿಗೆ ಈ ಸಲ ಅಪ್ಪನೇ ನೀರು ತುಂಬುತ್ತೇನೆ ಅಂದಿದ್ದಾರೆ, ಕೈ ಚೆನ್ನಾಗಿ ತೊಳೆದುಕೊಂಡು. ಪಂಪು ಹಿಡಿದ ಕೈಯಲ್ಲಿ ತುಂಬಿದರೆ ನಮ್ಮದೇ ಕಾಣುತ್ತೆ ಅಂತ ನಾನು ಹೇಳುವ ಮೊದಲೇ ಅವರಿಗೆ ಗೊತ್ತಿತ್ತು.